ನಾನೂರಿಪ್ಪತ್ತು ಸತ್ತರೂ ಫೋರ್‌ಟ್ವೆಂಟಿ ಸಾಯಲಿಲ್ಲ!

ಜನರ ಬಾಯಲ್ಲಿ ಓಡಾಡುವ ಬೈಗುಳಗಳಲ್ಲಿ ಸರ್ಕಾರಿ ಕಾನೂನು ಪುಸ್ತಕದಿಂದ ಬಂದದ್ದು ಒಂದುಂಟು. ಅದೇ ‘ಫೋರ್‌ಟ್ವೆಂಟಿ’. ಮಂಡಿಪೇಟೆಯಲ್ಲಿ ಮಾಲು ತಗೊಂಡು ದುಡ್ಡು ಕೊಡದೆ ತಪ್ಪಿಸಿಕೊಂಡು ತಿರುಗುವವನೂ ಫೋರ್‌ಟ್ವೆಂಟಿ, ಹೆಣ್ಣು ತೋರಿಸ್ತೀನಿ ಅಂತ ಮುಂಗಡ ನುಂಗಿದ ದಲ್ಲಾಳಿಯೂ ಫೋರ್‌ಟ್ವೆಂಟಿ. 1860ರಲ್ಲಿ ಬ್ರಿಟಿಷರು ಮಾಡಿಟ್ಟ ಭಾರತೀಯ ದಂಡ ಸಂಹಿತೆಯ 420ನೇ ಕಲಮು ಅದು. ಮೋಸದಿಂದ ಪರರ ಸ್ವತ್ತು ಲಪಟಾಯಿಸಿದವನಿಗೆ ಏಳು ವರ್ಷದ ತನಕ ಸಜೆ, ಮೇಲೆ ದಂಡ. ರಾಜ್ ಕಪೂರ್ 1955ರಲ್ಲಿ ಆ ನಂಬರಿನ ಮೇಲೆ ಒಂದು ಸಿನಿಮಾವನ್ನೇ ತೆಗೆದರು.

ಆ ನಂಬರು ಈಗ ತೀರಿಕೊಂಡಿದೆ. 2024ರ ಜುಲೈ 1ರಂದು ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಮೋಸದ ಕಲಮು ಈಗ 318ರ ಉಪಕಲಮು 4. ಸಜೆ ಅಷ್ಟೇ, ಏಳು ವರ್ಷದ ತನಕ. ನಂಬರು ಮಾತ್ರ ಬೇರೆ.

‘ಹಂಗಾದ್ರೆ ಇನ್ಮೇಲೆ ಬೈಯೋದು ಹೆಂಗ್ರೀ? ಅವ್ನು ದೊಡ್ಡ ಮುನ್ನೂರ ಹದಿನೆಂಟು ಬ್ರಾಕೆಟ್ ನಾಲ್ಕು ಅನ್ನೋಕಾಗ್ತದಾ?’

ಹೀಗೆ ಹೇಳಿ ಬಸ್ಸಿನವರನ್ನೆಲ್ಲ ನಗಿಸಿದವಳು ದಾವಣಗೆರೆಯಲ್ಲಿ ಕಾನೂನು ಓದುತ್ತಿರುವ ಹುಡುಗಿ. ಊರು ಹರಿಹರ. ಐದು ವರ್ಷದ ಕೋರ್ಸಿನಲ್ಲಿ ಇದು ಕಡೇ ವರ್ಷ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ದಿನಾ ಅದೇ ಮುಖಗಳು. ಕಾನೂನು ಓದ್ತಾಳೆ ಎಂದು ಗೊತ್ತಾದ ಮೇಲೆ ಸೀಟು ಬಿಟ್ಟುಕೊಟ್ಟು ‘ಲಾಯರಮ್ಮಾ, ಒಂದ್ ಮಾತು’ ಎಂದು ಶುರು ಮಾಡುವವರು ಬಹಳ ಮಂದಿ. ಸನ್ನದು ಬರುವ ಮೊದಲೇ ಕಕ್ಷಿದಾರರು ಬಂದುಬಿಟ್ಟಿದ್ದಾರೆ. ಫೀಜು ಮಾತ್ರ ಇಲ್ಲ!

ಈಕೆಯ ಕಷ್ಟ ಈಕೆಗೆ. ಕಾಲೇಜು ಸೇರಿದಾಗ ಕೈಗೆ ಸಿಕ್ಕಿದ್ದು ಹಳೆಯ ಪುಸ್ತಕ. ಅರ್ಧ ಓದುವಷ್ಟರಲ್ಲಿ ಹೊಸ ಪುಸ್ತಕ. ಹಳೆಯದನ್ನು ಮರೆಯೋಣ ಎಂದರೆ ಅದೂ ಆಗುವಂತಿಲ್ಲ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಈಗಲೂ ಹಳೆಯ ಸಂಹಿತೆಯೇ ಅನ್ವಯ. ಅಂದರೆ ನಾನೂರಿಪ್ಪತ್ತು ಸತ್ತರೂ ಅದರ ತಿಥಿ ಇನ್ನೂ ಹತ್ತಾರು ವರ್ಷ ಕೋರ್ಟುಗಳಲ್ಲಿ ನಡೆಯಲಿದೆ.

ನಾಲ್ಕು ವರ್ಷ ಓದಿ, ಬಸ್ಸಿನಲ್ಲಿ ನೂರಾರು ಜನರ ಗೋಳು ಕೇಳಿ ಈಕೆ ಒಂದು ತೀರ್ಮಾನಕ್ಕೆ ಬಂದಿದ್ದಾಳೆ. ಬಡವರು, ಸಣ್ಣ ವ್ಯಾಪಾರಿಗಳು ಕೇಸು ಸೋಲುವುದು ನ್ಯಾಯ ಇಲ್ಲದೆ ಅಲ್ಲ. ಚೀಟಿ ಇಲ್ಲದೆ, ಇಲ್ಲವೇ ತಾರೀಖು ತಪ್ಪಿ. ‘ಕಾನೂನು ಅಂದ್ರೆ ದೊಡ್ಡ ದೊಡ್ಡ ಮಾತಲ್ಲ. ಒಂದು ಚೀಟಿ, ಒಂದು ತಾರೀಖು. ಅಷ್ಟು ಹಿಡ್ಕೊಂಡ್ರೆ ಮುಕ್ಕಾಲು ಕೆಲಸ ಆದಂಗೆ’ ಎನ್ನುತ್ತಾಳೆ. ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಒಂದೊಂದಾಗಿ ನೋಡಬಹುದು.

ಸ್ಟೇಷನ್ನಿನ ಮೆಟ್ಟಿಲಲ್ಲಿ

ಹೊಸದಾಗಿ ಬಂದದ್ದು ಒಂದಲ್ಲ, ಮೂರು. ದಂಡ ಸಂಹಿತೆಯ ಜಾಗಕ್ಕೆ ನ್ಯಾಯ ಸಂಹಿತೆ, 511 ಕಲಮು ಇದ್ದದ್ದು 358 ಆಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, ಇದಕ್ಕೆ 531 ಕಲಮು. 1872ರ ಸಾಕ್ಷ್ಯ ಕಾಯಿದೆಯ ಜಾಗಕ್ಕೆ ಸಾಕ್ಷ್ಯ ಅಧಿನಿಯಮ, 170 ಕಲಮು. ‘ನೂರ ನಲವತ್ನಾಲ್ಕನೇ ಸೆಕ್ಷನ್ ಹಾಕವ್ರೆ’ ಎಂದು ಜನ ಹೇಳುತ್ತಿದ್ದದ್ದು ಈಗ 163.

ನಂಬರು ಬಾಯಿಪಾಠ ಮಾಡಿ ಅಂಗಡಿಯವರಿಗೆ ಆಗಬೇಕಾದ್ದೇನು? ಏನೂ ಇಲ್ಲ. ಆದರೆ ನಾಲ್ಕು ಸಂಗತಿ ತಿಳಿದಿರಲಿ ಎನ್ನುತ್ತಾಳೆ ಈ ಹುಡುಗಿ.

ಮೊದಲನೆಯದು, ‘ಇದು ನಮ್ಮ ಸ್ಟೇಷನ್ ಲಿಮಿಟ್ಟಲ್ಲ, ಆ ಸ್ಟೇಷನ್ನಿಗೆ ಹೋಗಿ’ ಎಂಬ ಮಾತು ಇನ್ನು ನಡೆಯುವುದಿಲ್ಲ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಪರ್ಸು ಹೋದರೆ ದಾವಣಗೆರೆಯಲ್ಲಿ ಇಳಿದು ದೂರು ಕೊಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇದಕ್ಕೆ ಆಧಾರ. ಝೀರೋ ಎಫ್‌ಐಆರ್ ಎಂದು ಕರೆಯುವುದು ಇದನ್ನೇ. ದೂರನ್ನು ಮೊಬೈಲು, ಕಂಪ್ಯೂಟರಿನ ಮೂಲಕ ಕಳಿಸಿದರೂ ನಡೆಯುತ್ತದೆ. ಮೂರು ದಿನದೊಳಗೆ ಹೋಗಿ ರುಜು ಹಾಕಬೇಕು.

ಎರಡನೆಯದು, ಎಫ್‌ಐಆರ್ ಪ್ರತಿ ಪುಕ್ಕಟೆ. ‘ಜೆರಾಕ್ಸ್ ಮಾಡಿಸ್ಕೊಂಡ್ ಬಾ’ ಎಂದರೆ ಜೆರಾಕ್ಸ್ ಅಂಗಡಿಗೆ ಓಡಬೇಕಾಗಿಲ್ಲ. ದೂರು ತಗೊಳ್ಳದೆ ವಾಪಸು ಕಳಿಸಿದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು. ಅಲ್ಲಿಯೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಅಂಚೆ ರಸೀದಿ ಜೋಪಾನ! ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರನಿಗೆ ತಿಳಿಸಬೇಕೆಂದೂ ಹೊಸ ಕಾನೂನು ಹೇಳುತ್ತದೆ.

ಮೂರನೆಯದು, ಹೆಂಗಸರು, 60 ದಾಟಿದ ಗಂಡಸರು, 15 ತುಂಬದ ಹುಡುಗರು, ಅಂಗವಿಕಲರು, ತೀವ್ರ ಕಾಯಿಲೆಯವರು ಸಾಕ್ಷಿ ಹೇಳಲು ಸ್ಟೇಷನ್ನಿಗೆ ಬರಲೇಬೇಕೆಂದು ಪೊಲೀಸರು ಕಡ್ಡಾಯ ಮಾಡುವಂತಿಲ್ಲ. ಅವರ ಮನೆಗೇ ಹೋಗಿ ಕೇಳಬೇಕು.

ನಾಲ್ಕನೆಯದು ಅಂಗಡಿಯವರಿಗೆ ನೇರ ಸಂಬಂಧಪಟ್ಟದ್ದು. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದವನು ಮೊದಲ ಸಲದ ತಪ್ಪಿತಸ್ಥನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ವಾಪಸು ಕೊಟ್ಟರೆ ಅವನಿಗೆ ಸಜೆಯ ಬದಲು ಸಮುದಾಯ ಸೇವೆಯ ಶಿಕ್ಷೆ ಎಂದು ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿದೆ. ಹೊಟ್ಟೆಗಿಲ್ಲದೆ ಬ್ರೆಡ್ಡು ಕದ್ದ ಹುಡುಗ ಜೈಲಿನಲ್ಲಿ ಪಳಗಿದ ಕಳ್ಳರ ಸಹವಾಸ ಮಾಡಿ ದೊಡ್ಡ ಕಳ್ಳನಾಗಿ ಹೊರಗೆ ಬರುವುದು ಬೇಡ ಎಂಬ ಆಲೋಚನೆ. ಕೆಲವರಿಗೆ ಇದು ಸರಿಕಾಣದು. ‘ನಮ್ಮ ಕಷ್ಟ ಯಾರಿಗ್ ಹೇಳಾಣ? ಕಂಬಕ್ಕೆ ಕಟ್ಟಿ ನಾಕು ಬಿಟ್ರೆ ಬುದ್ಧಿ ಬರ್ತೈತಿ’ ಎಂದು ಒಬ್ಬ ಕಿರಾಣಿ ವ್ಯಾಪಾರಿ ವಾದ ಮಾಡಿದರು. ಕಂಬಕ್ಕೆ ಕಟ್ಟುವ ಅಧಿಕಾರವನ್ನು ಹಳೆಯ ಕಾನೂನೂ ಅಂಗಡಿಯವರಿಗೆ ಕೊಟ್ಟಿರಲಿಲ್ಲ, ಹೊಸದೂ ಕೊಟ್ಟಿಲ್ಲ. ನಾಕು ಬಿಟ್ಟರೆ ಕಳ್ಳ ಫಿರ್ಯಾದಿ, ಸಾಹುಕಾರ ಆರೋಪಿ!

ಗಲ್ಲಾಪೆಟ್ಟಿಗೆಯಲ್ಲಿ ಮಲಗಿದ ಚೆಕ್ಕು

ಈಕೆಗೆ ತುಂಬಾ ನೋವು ಕೊಟ್ಟದ್ದು ಒಬ್ಬ ಬೇಳೆಕಾಳು ವ್ಯಾಪಾರಿಯ ಪ್ರಕರಣ. ದೊಡ್ಡ ಸಾಹುಕಾರರೇನಲ್ಲ. ಸಣ್ಣ ಅಂಗಡಿ, ಮನೆಮಂದಿಯೇ ಆಳುಗಳು. ಪರಿಚಯದ ಗಿರಾಕಿಯೊಬ್ಬರು ಮದುವೆಗೆಂದು ಮಾಲು ಎತ್ತಿ 84 ಸಾವಿರಕ್ಕೆ ಚೆಕ್ಕು ಕೊಟ್ಟರು. ಬ್ಯಾಂಕಿಗೆ ಹಾಕಿದರೆ ‘ಸಾಕಷ್ಟು ಹಣವಿಲ್ಲ’ ಎಂಬ ಚೀಟಿಯೊಡನೆ ವಾಪಸು ಬಂತು. ಕೇಳಿದರೆ ‘ಹಬ್ಬ ಕಳೀಲಿ’. ಹಬ್ಬ ಕಳೆಯಿತು. ‘ಬೆಳೆ ಬರಲಿ.’ ಬೆಳೆಯೂ ಬಂತು. ನಂಟಸ್ತಿಕೆ ಕೆಡಬಾರದೆಂದು ವ್ಯಾಪಾರಿ ಸುಮ್ಮನಿದ್ದರು. ಚೆಕ್ಕು ಗಲ್ಲಾಪೆಟ್ಟಿಗೆಯಲ್ಲಿ ಲಕ್ಷ್ಮಿಯ ಪಟದ ಕೆಳಗೆ ನಿದ್ದೆ ಮಾಡಿತು. ಐದು ತಿಂಗಳ ಮೇಲೆ ಬಸ್ಸಿನಲ್ಲಿ ಈ ಹುಡುಗಿಯ ಕೈಗೆ ಬಂತು.

ಈಕೆ ಬೆರಳು ಮಡಿಚಿ ಲೆಕ್ಕ ಹಾಕಿದಳು. ಚೆಕ್ಕಿಗೆ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. ಹಿಂದೆ ಆರು ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಅದನ್ನು ಮೂರಕ್ಕೆ ಇಳಿಸಿತು. ಚೆಕ್ಕು ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರವಣಿಗೆಯಲ್ಲಿ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ ಮೇಲೆ ಕೊಟ್ಟವನಿಗೆ 15 ದಿನದ ಗಡುವು. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮು ಇದು. ಎರಡು ವರ್ಷದ ತನಕ ಸಜೆ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟು ದಂಡ, ಅಥವಾ ಎರಡೂ. ಕೇಸು ನಡೆಯುತ್ತಿರುವಾಗಲೇ ಮೊತ್ತದ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ 2018ರ ತಿದ್ದುಪಡಿಯಿಂದ ಕೋರ್ಟಿಗಿದೆ. ಹಲ್ಲಿರುವ ಕಾನೂನು. ಆದರೆ ಹಲ್ಲು ತಾರೀಖಿಗೆ ಕಟ್ಟಿದ್ದು.

ದೂರು ಕೊಡುವುದು ನಾಲ್ಕು ದಿನ ತಡವಾದರೆ ಕಾರಣ ಹೇಳಿ ಕೋರ್ಟಿನ ಮನವೊಲಿಸಬಹುದು. 30 ದಿನದ ನೋಟೀಸಿಗೆ ಆ ಸವಲತ್ತೂ ಇಲ್ಲ. ಒಂದೇ ಒಂದು ಕಿಂಡಿ ಇತ್ತು. ಚೆಕ್ಕಿನ ಮೂರು ತಿಂಗಳು ಮುಗಿಯುವುದರೊಳಗೆ ಅದನ್ನೇ ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸಾದ ಮೇಲೆ ಹೊಸದಾಗಿ ನೋಟೀಸು ಕೊಡಬಹುದಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿದೆ. ಐದು ತಿಂಗಳಾದ ಮೇಲೆ ಆ ಕಿಂಡಿಯೂ ಮುಚ್ಚಿತ್ತು.

‘ಅಂದ್ರೆ ನನ್ ದುಡ್ಡು ಹೋದಂಗಾ ತಂಗಿ?’ ಎಂದು ಆ ಮನುಷ್ಯ ಕೇಳಿದಾಗ ಬಸ್ಸಿನಲ್ಲಿ ಯಾರೂ ನಗಲಿಲ್ಲ.

ದುಡ್ಡು ಹೋಗಿಲ್ಲ. ಮಾರಿದ ಮಾಲಿನ ಬೆಲೆಗೆ ಮೂರು ವರ್ಷದೊಳಗೆ ಸಿವಿಲ್ ದಾವೆ ಹಾಕಬಹುದು. ಆ ಚೆಕ್ಕು, ಬ್ಯಾಂಕಿನ ಚೀಟಿ, ಮಾಲಿನ ಬಿಲ್ಲು ಎಲ್ಲಾ ಅದಕ್ಕೆ ಸಾಕ್ಷಿ. ಆದರೆ ಜೈಲಿನ ಹೆದರಿಕೆ ಇದ್ದಾಗ ಬರುವ ದುಡ್ಡಿಗೂ ಸಿವಿಲ್ ಕೋರ್ಟಿನ ಕಟಕಟೆ ಸವೆದು ಬರುವ ದುಡ್ಡಿಗೂ ಬಹಳ ಅಂತರವುಂಟು. ‘ಗೆದ್ದವ ಸೋತ, ಸೋತವ ಸತ್ತ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಉದ್ರಿ ಖಾತೆಗೂ ಇದೇ ಲೆಕ್ಕ. ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ಹಾಕಿದ ಅಂಗಡಿಯಲ್ಲೂ ಉದ್ರಿ ಪುಸ್ತಕ ಇರುವುದು ಎಲ್ಲರಿಗೂ ಗೊತ್ತು. ಮಾಲು ಕೊಟ್ಟ ಮೂರು ವರ್ಷದ ಮೇಲೆ ಆ ಬಾಕಿ ಕೇಳಲು ಕೋರ್ಟಿನ ಬಾಗಿಲು ತೆರೆಯದು. ಆದರೆ ಆ ಮೂರು ವರ್ಷದೊಳಗೆ ‘ಇಷ್ಟು ಬಾಕಿ ಇದೆ’ ಎಂದು ಗಿರಾಕಿಯಿಂದ ಖಾತೆಯಲ್ಲಿ ರುಜು ಹಾಕಿಸಿದರೆ, ರುಜು ಹಾಕಿದ ದಿನದಿಂದ ಮತ್ತೆ ಮೂರು ವರ್ಷ. ದೀಪಾವಳಿಗೆ ಖಾತೆ ಪೂಜೆ ಮಾಡುವವರು ಅರಿಶಿನ ಕುಂಕುಮದ ಜತೆಗೆ ವರ್ಷಕ್ಕೊಂದು ರುಜುವನ್ನೂ ಹಾಕಿಸಿಕೊಂಡರೆ ಲಕ್ಷ್ಮಿ ಇನ್ನಷ್ಟು ಪ್ರಸನ್ನಳಾದಾಳು.

ಖಾಲಿ ಚೆಕ್ಕು, ಮೀಟರ್ ಬಡ್ಡಿ

ಚೆಕ್ಕಿಗೆ ಇನ್ನೊಂದು ಮುಖವೂ ಉಂಟು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರು ಮಗಳ ಆಸ್ಪತ್ರೆ ಖರ್ಚಿಗೆ 20 ಸಾವಿರ ಸಾಲ ಎತ್ತಿದರು. ಕೊಟ್ಟವನು ರುಜು ಹಾಕಿದ ಖಾಲಿ ಚೆಕ್ಕು ಎರಡು ಇಸಿದುಕೊಂಡ. ವಾರದ ಬಡ್ಡಿ ಕಟ್ಟುತ್ತಾ ಕಟ್ಟುತ್ತಾ ಅಸಲಿಗಿಂತ ಹೆಚ್ಚು ಕಟ್ಟಿಯಾಯಿತು. ಚೆಕ್ಕು ಕೇಳಿದರೆ ವಾಪಸಿಲ್ಲ. ‘ಎರಡು ಲಕ್ಷ ಬರ್ಕೊಂಡು ಬ್ಯಾಂಕಿಗೆ ಹಾಕ್ತೀನಿ’ ಎಂಬ ಧಮಕಿ.

‘ಖಾಲಿ ಚೆಕ್ಕು ಕಾನೂನಿನ ಮುಂದೆ ನಡಿಯಲ್ಲ’ ಎಂದು ಬಸ್ಸಿನಲ್ಲಿ ಒಬ್ಬರು ಧೈರ್ಯ ಹೇಳಿದರು. ಧೈರ್ಯ ಒಳ್ಳೆಯದೇ, ಮಾತು ಸರಿಯಲ್ಲ. ಬಾಕಿಯ ಲೆಕ್ಕಕ್ಕೆಂದು ತಾನಾಗಿಯೇ ರುಜು ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿಕೊಂಡರೂ, ಅದು ಸಾಲಕ್ಕಾಗಿ ಕೊಟ್ಟದ್ದೆಂದೇ ಕಾನೂನು ಮೊದಲಿಗೆ ಭಾವಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಲ್ಲ ಎಂದು ತೋರಿಸುವ ಭಾರ ರುಜು ಹಾಕಿದವರ ತಲೆ ಮೇಲೆ. ತೋರಿಸಲು ಸಾಧ್ಯವಿದೆ. ಆದರೆ ಯಾವುದರಿಂದ? ಮತ್ತೆ ಅದೇ: ಚೀಟಿಯಿಂದ. ವಾರವಾರ ಕಟ್ಟಿದ್ದಕ್ಕೆ ರಸೀದಿ ಇದೆಯೇ? ಇಲ್ಲ. ಎಲ್ಲಾ ಕೈಯಿಂದ ಕೈಗೆ.

ಇನ್ನೊಂದು ಕಡೆ ಕಾನೂನು ಈ ತಾಯಿಯ ಪರವಾಗಿಯೂ ಇದೆ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ 2004ರಷ್ಟು ಹಳೆಯದು. ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ರಾಜ್ಯದ ಉದ್ದಗಲಕ್ಕೂ ಬಂದ ಮೇಲೆ 2025ರಲ್ಲಿ ಕಿರುಸಾಲದ ಬಲವಂತದ ವಸೂಲಿ ತಡೆಯುವ ಕಾನೂನೂ ಬಂತು. ಮೊದಲು ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ, ಆಮೇಲೆ ಕಾಯಿದೆ. ಬೆದರಿಸಿ, ಹಿಂಸಿಸಿ, ಅವಮಾನಿಸಿ ವಸೂಲಿ ಮಾಡಿದವನಿಗೆ 10 ವರ್ಷದ ತನಕ ಸಜೆ, 5 ಲಕ್ಷದ ತನಕ ದಂಡ.

ಇದೆಲ್ಲವನ್ನೂ ಹುಡುಗಿ ಬಿಡಿಸಿ ಹೇಳಿದಳು. ಪೂರ್ತಿ ಕೇಳಿಸಿಕೊಂಡ ಆ ತಾಯಿ ಕೇಳಿದ ಪ್ರಶ್ನೆ ಒಂದೇ: ‘ಕೇಸ್ ಹಾಕ್ತೀನವ್ವ. ಮುಂದಿನ್ ತಿಂಗ್ಳು ಮಗಳಿಗೆ ಮತ್ತೆ ಹುಷಾರಿಲ್ದಂಗಾದ್ರೆ ನಂಗೆ ಸಾಲ ಕೊಡೋರ್ಯಾರು?’

ಈ ಪ್ರಶ್ನೆಗೆ ಯಾವ ಕಾನೂನು ಪುಸ್ತಕದಲ್ಲೂ ಉತ್ತರವಿಲ್ಲ. ಶಾಸನ ಸಭೆಯಲ್ಲಿ ಕಾನೂನು ಮಾಡುವುದು ಒಂದು ದಿನದ ಕೆಲಸ. ಬ್ಯಾಂಕಿನ ಬಾಗಿಲು ಸೊಪ್ಪಿನ ಬುಟ್ಟಿಯ ಎತ್ತರಕ್ಕೆ ಇಳಿಯುವುದು ವರ್ಷಗಳ ಕೆಲಸ ಎಂದು ಈಕೆಗೆ ಅನ್ನಿಸಿದೆ. ಅಲ್ಲಿಯ ತನಕ ಈಕೆ ಹೇಳುವ ಉಪಾಯ ಸಣ್ಣದು. ಬಡ್ಡಿಯಾಗಲಿ ಕಂತಾಗಲಿ ಕೈಯಲ್ಲಿ ಕೊಡಬೇಡಿ. ಫೋನ್‌ಪೇ, ಗೂಗಲ್‌ಪೇ, ಬ್ಯಾಂಕು ಯಾವುದಾದರೂ ಸರಿ, ದುಡ್ಡು ಹೋದ ಗುರುತು ಉಳಿಯಲಿ. ಚೆಕ್ಕು ಕೊಡಲೇಬೇಕಾಗಿ ಬಂದರೆ ಹೆಸರು, ಮೊತ್ತ, ತಾರೀಖು ಬರೆದೇ ಕೊಡಿ, ನಂಬರು ಬರೆದಿಟ್ಟುಕೊಳ್ಳಿ.

ಗಲ್ಲಾದ ಆಚೆ, ಗಲ್ಲಾದ ಈಚೆ

ಅಂಗಡಿಯ ವಿಚಾರಕ್ಕೆ ಬಂದರೆ ಈ ಹುಡುಗಿ ಗಿರಾಕಿಯ ಪರವೂ ಅಲ್ಲ, ಸಾಹುಕಾರರ ಪರವೂ ಅಲ್ಲ. ಇಬ್ಬರಿಗೂ ಕಿವಿ ಹಿಂಡುತ್ತಾಳೆ.

‘ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಬೋರ್ಡು ಬಟ್ಟೆ ಅಂಗಡಿಯಿಂದ ಮಿಕ್ಸಿ ಅಂಗಡಿಯ ತನಕ ಎಲ್ಲಾ ಕಡೆ ನೇತಾಡುತ್ತದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನದಲ್ಲಿ ವಾಪಸು ತಗೊಂಡು ದುಡ್ಡು ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರವೇ. ಆದರೆ ‘ಯಜಮಾನ್ತಿಗೆ ಬಣ್ಣ ಹಿಡಿಸ್ಲಿಲ್ಲ’ ಎಂದು ಸೀರೆ ವಾಪಸು ತರುವವರಿಗೆ ಈ ಕಲಮು ನೆರವಾಗದು. ಬಣ್ಣ ಹಿಡಿಸದಿರುವುದು ಮಾಲಿನ ದೋಷವಲ್ಲ!

ಗಿರಾಕಿಯ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಅಲ್ಲೇ. ಐದು ಲಕ್ಷದ ತನಕ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಮಾಲಿನ ಕಂಪನಿ ಎಲ್ಲೇ ಇರಲಿ, ತಾನು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. ಸಲಹೆಗೆ 1915 ಎಂಬ ದೂರವಾಣಿ ಇದೆ.

ತಂಪು ಪಾನೀಯಕ್ಕೆ ‘ಫ್ರಿಜ್ ಚಾರ್ಜು’ ಎಂದು ಎರಡು ರೂಪಾಯಿ ಜಾಸ್ತಿ ತಗೊಳ್ಳುವುದು ಅಂಗಡಿಯವರ ಹಳೇ ಚಾಳಿ. ಎಂಆರ್‌ಪಿ ಅಂದರೆ ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಅಂಗಡಿಯಲ್ಲಿ ಒಂದು ಪೈಸೆಯೂ ಏರುವಂತಿಲ್ಲ. ಆದರೆ ಹೋಟೆಲಿನಲ್ಲಿ ಕೂತು ಬಾಟಲಿ ನೀರು ತರಿಸಿಕೊಂಡು ಎಂಆರ್‌ಪಿ ಜಗಳ ತೆಗೆಯುವವರು ಒಂದು ಸಂಗತಿ ತಿಳಿದಿರಬೇಕು. ಕೂರಿಸಿ ಉಪಚಾರ ಮಾಡುವ ಹೋಟೆಲುಗಳಿಗೆ ಆ ಕಟ್ಟು ಅನ್ವಯಿಸದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ.

ತಕ್ಕಡಿಗೂ ತಾರೀಖಿದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆಯ ಸರ್ಟಿಫಿಕೇಟು ಕಾಣುವಂತೆ ಅಂಗಡಿಯಲ್ಲಿ ಇರಬೇಕು.

ಬೋರ್ಡಿನ ವಿಚಾರವೂ ಉಂಟು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯಂತೆ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ. ದಾವಣಗೆರೆಯ ಹಳೇ ಅಂಗಡಿಗಳಿಗೆ ಇದೇನು ಹೊರೆಯಲ್ಲ, ಹಳೇ ಪಿ.ಬಿ. ರಸ್ತೆಯ ಹೊಸ ಷೋರೂಮುಗಳು ನೋಡಿಕೊಳ್ಳಲಿ.

ಇನ್ನು ಹತ್ತು ರೂಪಾಯಿ ನಾಣ್ಯ! ‘ಇದು ನಡಿಯಲ್ಲ’ ಎಂದು ಅಂಗಡಿಯವರು, ‘ನೀವೇ ತಗೊಳ್ಳಲ್ಲ, ನಾನ್ ಹೆಂಗ್ ತಗೊಳ್ಳಿ’ ಎಂದು ಕಂಡಕ್ಟರು, ನಡುವೆ ಪ್ರಯಾಣಿಕನ ಕೈಯಲ್ಲಿ ನಾಣ್ಯ. ಹತ್ತರ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸಾರಿದೆ. ರೂಪಾಯಿ ಚಿಹ್ನೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಎಂಟಾಣೆ ಕೂಡ ಕಾನೂನಿನಲ್ಲಿ ಇನ್ನೂ ಸತ್ತಿಲ್ಲ. ಸತ್ತದ್ದು ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನವು, 2011ರ ಜೂನ್ 30ಕ್ಕೆ. ಹಾಗೆಂದು ನಾಣ್ಯ ಬೇಡ ಎಂದವನ ಮೇಲೆ ದೇಶದ್ರೋಹದ ಕೇಸು ಬೀಳುತ್ತದೆ ಎಂಬುದು ಬರೀ ವಾಟ್ಸಾಪ್ ಕಾನೂನು.

ಬಸ್ಸಿನಲ್ಲೂ ಬೈಕಿನಲ್ಲೂ

ಬಸ್ಸಿನಲ್ಲಿ ಟಿಕೆಟ್ ತಗೊಳ್ಳದೆ ಹೋದರೆ ದಂಡ ಎಂಬುದು ಎಲ್ಲರಿಗೂ ಗೊತ್ತು. ಮೋಟಾರು ವಾಹನ ಕಾಯಿದೆಯ 178ನೇ ಕಲಮು 500 ರೂಪಾಯಿ ತನಕ ಎನ್ನುತ್ತದೆ. ಅದೇ ಕಲಮು, ಬೇಕೆಂದೋ ಅಸಡ್ಡೆಯಿಂದಲೋ ಟಿಕೆಟ್ ಕೊಡದ ಕಂಡಕ್ಟರಿಗೂ ದಂಡ ವಿಧಿಸುತ್ತದೆ ಎಂಬುದು ಎಷ್ಟು ಮಂದಿಗೆ ಗೊತ್ತು? ‘ಪರವಾಗಿಲ್ಲ, ಮುಂದಿನ ಸ್ಟಾಪು ತಾನೇ, ಟಿಕೆಟ್ ಯಾಕೆ’ ಎಂದು ಎರಡು ರೂಪಾಯಿ ಉಳಿಸಿಕೊಳ್ಳುವವರು ಜೀವದ ಲೆಕ್ಕ ಮರೆಯುತ್ತಾರೆ. ಬಸ್ಸಿಗೆ ಏನಾದರೂ ಆದರೆ ಅದರಲ್ಲಿ ಪ್ರಯಾಣಿಸುತ್ತಿದ್ದದ್ದಕ್ಕೆ ಮೊದಲ ಸಾಕ್ಷಿ ಆ ಚೀಟಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಿಗುವ ಶೂನ್ಯ ದರದ ಟಿಕೆಟ್ಟನ್ನೂ ಇಳಿಯುವ ತನಕ ಜೋಪಾನವಾಗಿ ಇಟ್ಟುಕೊಳ್ಳಬೇಕು. ಈ ಹುಡುಗಿ ಅದನ್ನು ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಳ್ಳುತ್ತಾಳೆ.

ಅಂಗಡಿಗಳ ಮಾಲಕರು ಬಹಳ ಎಚ್ಚರದಿಂದ ಇರಬೇಕಾದದ್ದು ಇನ್ನೊಂದರಲ್ಲಿ. ಹದಿನಾರು ವರ್ಷದ ಮಗನಿಗೋ ಅಂಗಡಿಯ ಹುಡುಗನಿಗೋ ಬೈಕಿನ ಕೀಲಿ ಕೊಟ್ಟು ‘ಬೇಗ ಹೋಗಿ ಬಾ’ ಎನ್ನುವುದು ದಿನಾ ಕಾಣುವ ನೋಟ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನಂತೆ, ಹದಿನೆಂಟು ತುಂಬದವರು ವಾಹನ ಓಡಿಸಿ ತಪ್ಪು ಮಾಡಿದರೆ ತಂದೆ ಅಥವಾ ವಾಹನದ ಮಾಲಕನಿಗೆ ಮೂರು ವರ್ಷದ ತನಕ ಸಜೆ, 25 ಸಾವಿರ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸಿಲ್ಲ. ಎರಡು ಕೇಜಿ ಸಕ್ಕರೆ ಮನೆಗೆ ಮುಟ್ಟಿಸಲು ಇಷ್ಟು ಬೆಲೆಯೇ?

ಬಾಡಿಗೆ ಮಳಿಗೆಯ ಹನ್ನೊಂದು ತಿಂಗಳು

ಬಾಡಿಗೆ ಕರಾರು ಯಾವಾಗಲೂ 11 ತಿಂಗಳಿಗೇ ಯಾಕೆ? ಹನ್ನೊಂದು ಶುಭ ಸಂಖ್ಯೆ ಎಂದಲ್ಲ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು. ಅದರ ಖರ್ಚು ತಪ್ಪಿಸಲು ಈ ಉಪಾಯ. ಕರಾರು ಮುಗಿದರೂ ತಿಂಗಳ ಬಾಡಿಗೆ ಕೊಡುತ್ತಾ, ತಗೊಳ್ಳುತ್ತಾ ನಡೆದರೆ ಬಿಡಿಸಲು ಸಾಮಾನ್ಯವಾಗಿ 15 ದಿನದ ನೋಟೀಸು ಬೇಕು. ನೋಟೀಸಾದ ಮೇಲೂ ಬಿಡದಿದ್ದರೆ ಮಾಲಕ ಕೋರ್ಟಿಗೆ ಹೋಗಬೇಕು. ರಾತ್ರೋರಾತ್ರಿ ಬೀಗ ಜಡಿಯುವಂತಿಲ್ಲ. ಜಡಿದರೆ? ಹೊರಗೆ ಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸು ಕೇಳಬಹುದು. ಇಲ್ಲೂ ನೋಡಿ, ಆರು ತಿಂಗಳು. ಏಳನೇ ತಿಂಗಳು ಹೋದರೆ ಆ ಸುಲಭದ ಬಾಗಿಲು ಮುಚ್ಚಿರುತ್ತದೆ.

ಪುಕ್ಕಟೆ ವಕೀಲರೂ ಇದ್ದಾರೆ

‘ಇಷ್ಟೆಲ್ಲಾ ಹೇಳ್ತೀಯಲ್ಲ ತಾಯಿ, ವಕೀಲ್ರಿಗೆ ಕೊಡಾಕೆ ದುಡ್ಡೆಲ್ಲಿ ಐತಿ?’ ಎಂಬ ಪ್ರಶ್ನೆ ಬಸ್ಸಿನಲ್ಲಿ ಪ್ರತಿ ಸಲ ಬರುತ್ತದೆ. ಇದಕ್ಕೂ ಕಾನೂನಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಉಳಿದವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಛೇರಿ ಇರುತ್ತದೆ. ದೂರವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕವೂ ವಾಪಸು. ಅದರ ಮೇಲೆ ಅಪೀಲಿಲ್ಲ, ಎಳೆದಾಟವಿಲ್ಲ. ಫೋನಿನಲ್ಲಿ ಮೋಸ ಹೋಗಿ ಖಾತೆಯಿಂದ ದುಡ್ಡು ಹಾರಿದರೆ ಕೂಡಲೇ 1930ಕ್ಕೆ ತಿಳಿಸಬೇಕು. ನಾಳೆ ನೋಡೋಣ ಎಂದರೆ ದುಡ್ಡು ಹತ್ತು ಖಾತೆ ದಾಟಿರುತ್ತದೆ.

ಸೊಪ್ಪು ಮಾರುವ ಆ ತಾಯಿ ಹೆಂಗಸೆಂಬ ಒಂದೇ ಕಾರಣಕ್ಕೆ ಪುಕ್ಕಟೆ ವಕೀಲರಿಗೆ ಹಕ್ಕುದಾರಳು. ಅದು ಅವರಿಗೆ ಈ ತನಕ ಯಾರೂ ಹೇಳಿರಲಿಲ್ಲ. ಕಾನೂನು ತಿಳಿಯದು ಎಂದರೆ ಕೋರ್ಟು ಕ್ಷಮಿಸುವುದಿಲ್ಲ. ಆದರೆ ತಿಳಿಸುವ ಕೆಲಸ ಯಾರದು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ. ಗೆಜೆಟ್ಟಿನಲ್ಲಿ ಪ್ರಕಟವಾದರೆ ಊರಿಗೆಲ್ಲ ತಿಳಿದಂತೆ ಎಂಬುದು ಸರ್ಕಾರದ ಲೆಕ್ಕ. ಗೆಜೆಟ್ಟು ಓದುವ ಕಿರಾಣಿ ಅಂಗಡಿ ಈ ಜಿಲ್ಲೆಯಲ್ಲಿ ಎಷ್ಟಿವೆಯೋ ದೇವರೇ ಬಲ್ಲ.

ಇದನ್ನೆಲ್ಲ ಯೋಚಿಸಿ ಈ ಹುಡುಗಿ ಅಂಗಡಿಯವರಿಗೆ ಒಂದು ಸಲಹೆ ಕೊಡುತ್ತಿದ್ದಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ಹಾಗೆಯೇ ಚೆಕ್ಕಿನ ಕಡೇ ತಾರೀಖು, ನೋಟೀಸಿನ ಮೂವತ್ತನೇ ದಿನ, ತಕ್ಕಡಿಯ ಮುದ್ರೆ, ಗಾಡಿಯ ಇನ್ಶೂರೆನ್ಸು, ಬಾಡಿಗೆ ಕರಾರಿನ ಕೊನೆ ಇವಿಷ್ಟಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಎಲ್ಲಾ ಚೀಟಿಗೂ ಒಂದು ಡಬ್ಬಿ ಇಡಿ. ಇದಕ್ಕೆ ಖರ್ಚು ಒಂದು ಪೆನ್ನು, ಒಂದು ಡಬ್ಬಿ.

84 ಸಾವಿರದ ಆ ಬೇಳೆ ವ್ಯಾಪಾರಿ ಪೆನ್ನು ತಂದಾಗಿದೆಯಂತೆ. ಸಿವಿಲ್ ದಾವೆಯ ಮೂರು ವರ್ಷ ಮುಗಿಯುವ ದಿನಕ್ಕೆ ಮೊದಲ ಸುತ್ತು ಬಿದ್ದಿದೆ.